ಪುಕ್ಕಲ ಕುಂಬಾರನ ಕೊಳ್ಳಿ

"ಗುರುಗಳೇ, ನನ್ನ ತಮ್ಮ ಹುಟ್ಟಾ ಪುಕ್ಕಲ. ಮೊಣಕಾಲುದ್ದ ನೀರಿಗೂ ಹೆದರುತ್ತಿದ್ದ. ಈಗ ತುಂಬಿದ ಹೊಳೆಯಲ್ಲಿ ಹರಿಗೋಲು ಹಾಕುತ್ತಾನಂತೆ. ಮನುಷ್ಯನ ಸ್ವಭಾವ ಇಷ್ಟೊಂದು ಬದಲಾಗುತ್ತದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಕೈ ಒಳ್ಳೆಯದು, ಎದೆ ಮಾತ್ರ ಗುಬ್ಬಚ್ಚಿಯದು. ಹಸಿ ಮಡಕೆಗಳನ್ನು ಬಯಲಿನ ಆವಿಗೆಯಲ್ಲಿ ಒಟ್ಟಿ ಸುಡಬೇಕು. ನಡುವೆ ಮಳೆ ಬಂದರೆ ಎಲ್ಲವೂ ಒಡೆದುಹೋಗುತ್ತವೆ. ಅದಕ್ಕೇ ಇವನು ಇರುವೆಗಳು ಸಾಲುಕಟ್ಟಿ ಹೊರಟದ್ದು ಕಂಡರೂ ಆ ದಿನ ಬೆಂಕಿ ಇಡುತ್ತಿರಲಿಲ್ಲ. ಇವನ ಹೆಂಡತಿಯ ಅಣ್ಣನೂ ಕುಂಬಾರನೇ. ಅವನೋ ಮಹಾ ಹುಂಬ, ಗುಡುಗಿದರೂ ಬೆಂಕಿ ಇಡುವವನು. ಇವರಿಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಪ್ರಾಣ.

ಒಂದು ದಿನ ಮೋಡ ಕಟ್ಟಿತ್ತು. ಪುಕ್ಕಲ ಕುಂಬಾರ ಕೊಳ್ಳಿ ಹಿಡಿದು ಆವಿಗೆಯ ಮುಂದೆ ನಿಂತಿದ್ದ. ಒಟ್ಟಿದ್ದ ಮಡಕೆಗಳನ್ನು ಬಿಟ್ಟರೆ ಅವನಿಗೆ ಬೇರೆ ಗತಿ ಇರಲಿಲ್ಲ. ಸುದ್ದಿ ತಿಳಿದು ಭಾವ ಓಡಿ ಬಂದ.

"ಶಭಾಷ್! ಅಂತೂ ಗಂಡಸಾದೆ. ಮೋಡ ನೋಡಿದೆಯೇನೋ?"

"ನೋಡಿದೆ ಭಾವ. ಮನೆಯ ಒಲೆಯನ್ನೂ ನೋಡಿದೆ."

ಭಾವನ ನಗು ನಿಂತಿತು. ತಂಗಿಯ ಮನೆಯ ಮಾಡಿನಿಂದ ಹೊಗೆ ಏಳುತ್ತಿರಲಿಲ್ಲ. ಅವನು ತನ್ನ ಮನೆಗೆ ಓಡಿ ರಾಗಿ ಮೂಟೆ ಹೊತ್ತು ತಂದು ಅವರ ಜಗಲಿಯ ಮೇಲೆ ಇಳಿಸಿದ.

ಪುಕ್ಕಲ ಕುಂಬಾರ ಮೂಟೆ ನೋಡಿದ. ಆಮೇಲೆ ಆಕಾಶ ನೋಡಿದ. ಆವಿಗೆಯಿಂದ ಎರಡು ಹೆಜ್ಜೆ ಹಿಂದೆ ಸರಿದ. ಕೊಳ್ಳಿಯನ್ನು ನೀರಿಗೆ ಅದ್ದಿ, "ಇವತ್ತು ಬೇಡ ಭಾವ, ಮಳೆ ಬರುವ ಹಾಗಿದೆ" ಎಂದ.

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಮಡಕೆಗಳನ್ನು ಒಳಗಿಡಲು ಅವನಿಗೆ ಕೈಜೋಡಿಸಿದ. ಆಮೇಲೆ ಮನೆಗೆ ಹೋಗಿ ತನ್ನ ಆವಿಗೆಗೆ ಬೆಂಕಿ ಇಟ್ಟ. ಸಂಜೆ ಮಳೆ ಸುರಿಯಿತು. ಅವನ ಮಡಕೆ ಒಂದೂ ಉಳಿಯಲಿಲ್ಲ.

ಇಷ್ಟು ಹೇಳಿ ಗುರುಗಳು ತಾವೂ ನಕ್ಕರು. "ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಆ ಭಾವನದು ಹಾಗೆ. ಮನೆ ತುಂಬ ರಾಗಿ ಇದ್ದರೂ ಅವನು ಬೆಂಕಿ ಇಡುವವನೇ. ಪಾಪ, ಪುಕ್ಕಲನ ಕೈಗೆ ಕೊಳ್ಳಿ ಕೊಟ್ಟದ್ದು ಹಸಿವು. ದೂರದಿಂದ ನೋಡುವವರಿಗೆ ಎರಡೂ ಧೈರ್ಯವೇ."

"ಹಾಗಾದರೆ ನನ್ನ ತಮ್ಮನನ್ನು ಹೊಳೆಗೆ ಇಳಿಸಿದ್ದು ಯಾವುದು?" ಎಂದ ಶಿಷ್ಯ.

"ನನ್ನನ್ನು ಕೇಳುತ್ತೀಯಲ್ಲ ಮಗೂ, ಅವನ ಅಣ್ಣ ನಾನೋ ನೀನೋ?"