ಇರಪ್ಪ ಎಂದ ಬಳೆಗಾರ

"ಗುರುಗಳೇ, ಒಬ್ಬರ ಹೆಸರನ್ನು ಮುರಿದು ನಗುವುದರಲ್ಲಿ ದೋಷವಿದೆಯೇ?" ಎಂದು ಶಿಷ್ಯ ಕೇಳಿದ.

ಚುನಾವಣೆಗೆ ಎರಡು ದಿನ ಉಳಿದಿತ್ತು. ಸಂತೆಗೆ ಹೋಗಿದ್ದ ಶಿಷ್ಯ ತರಕಾರಿಗಿಂತ ಹೆಚ್ಚಾಗಿ ಮಾತನ್ನೇ ತುಂಬಿಕೊಂಡು ಬಂದಿದ್ದ.

"ನಿಂತವರು ಇಬ್ಬರು. ನಂಜುಂಡಯ್ಯನನ್ನು ಕಂಡರೆ 'ನಂಜು ಬಿಟ್ಟು ಉಳಿದದ್ದೆಲ್ಲ ಉಂಡಯ್ಯ' ಎನ್ನುತ್ತಾರೆ. ಬೋರಯ್ಯ ಬಂದರೆ 'ಬೋರಯ್ಯ, ನೀರೆಲ್ಲಯ್ಯ' ಎಂದು ಕೂಗುತ್ತಾರೆ. ಎರಡನೆಯದನ್ನು ಕಟ್ಟಿದವನು ನಾನೇ" ಎಂದು ಅವನು ತಲೆ ತಗ್ಗಿಸಿದ. ನಗು ಮಾತ್ರ ತಗ್ಗಲಿಲ್ಲ.

ಗುರುಗಳೂ ನಕ್ಕರು. ಆಮೇಲೆ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಳೆಗಾರನಿದ್ದ. ಅವನ ಒಬ್ಬಳೇ ಮಗಳನ್ನು ಹಳ್ಳದಾಚೆಯ ಊರಿಗೆ ಕೊಟ್ಟಿತ್ತು. ಅವಳು ಬಸುರಿಯಾದಳು. ಸೀಮಂತ ಮಳೆಗಾಲಕ್ಕೆ ಬೀಳುತ್ತಿತ್ತು. ಮಳೆ ಹಿಡಿದರೆ ಹಳ್ಳ ದಾಟುವಂತಿರಲಿಲ್ಲ. ಮಗಳ ಕೈಗೆ ತಾನೇ ಹಸಿರು ಬಳೆ ತೊಡಿಸಬೇಕೆಂಬುದು ಅವನ ಆಸೆ.

ಆ ವರ್ಷ ಊರಿನ ಯಜಮಾನಿಕೆಗೆ ಇಬ್ಬರು ನಿಂತರು. ಕೊಟ್ರಪ್ಪ ಹಳ್ಳಕ್ಕೆ ಸೇತುವೆ ಕಟ್ಟಲೆಂದು ಆಗಲೇ ಕಲ್ಲು ತರಿಸಿ ಹಾಕಿದ್ದ. ಈರಪ್ಪ ಕೇಳಿದ್ದಕ್ಕೆಲ್ಲ ನಾಳೆ ನೋಡೋಣ ಎನ್ನುವವನು. ಬಳೆಗಾರನ ಮನಸ್ಸು ಕೊಟ್ರಪ್ಪನ ಕಡೆಗಿತ್ತು. ನಾಲಿಗೆ ಮಾತ್ರ ನಗುವಿನ ಕಡೆಗಿತ್ತು. ಮನೆ ಮನೆಯ ಜಗಲಿಯಲ್ಲಿ ಬಳೆ ತೊಡಿಸುತ್ತ ಅವನು, "ಕೊಟ್ರಪ್ಪನ ಮನೆಗೆ ಹೋದವರನ್ನು ಕೇಳಿ ನೋಡಿ ತಾಯಿ. 'ಏನಾದರೂ ಕೊಟ್ರಪ್ಪಾ?' 'ಎಲ್ಲಿ ಕೊಟ್ರಪ್ಪಾ!' ಈರಪ್ಪನ ಮನೆಗೆ ಹೋದರೋ, 'ಇರಪ್ಪ, ಇರಪ್ಪ'" ಎನ್ನುತ್ತಿದ್ದ. ಹೆಂಗಸರು ಬಳೆ ಒಡೆಯುವಷ್ಟು ನಗುತ್ತಿದ್ದರು. ತಿಂಗಳು ಕಳೆಯುವುದರೊಳಗೆ ಊರಿನಲ್ಲಿ ಈರಪ್ಪ ಎನ್ನುವವರೇ ಉಳಿಯಲಿಲ್ಲ. ಮಕ್ಕಳೂ ಅವನನ್ನು ಇರಪ್ಪ ಎಂದೇ ಕರೆದರು.

ಆ ಕಾಲದಲ್ಲಿ ಮತವನ್ನು ಬಾಯಲ್ಲಿ ಹೇಳಬೇಕಿತ್ತು. ಮೊದಲು ಬಂದ ಹೆಸರನ್ನು ಶಾನುಭೋಗ ಬರೆದುಕೊಳ್ಳುತ್ತಿದ್ದ. ಬರೆದದ್ದನ್ನು ಅಳಿಸುವಂತಿರಲಿಲ್ಲ.

ಬಳೆಗಾರನ ಸರದಿ ಬಂತು. ಅವನ ಹಿಂದೆ ಜನ ಹೊಸ ಚೇಷ್ಟೆಗಾಗಿ ಕಿವಿ ನಿಮಿರಿಸಿ ನಿಂತಿದ್ದರು. ಅವರನ್ನು ಬರಿಗೈಯಲ್ಲಿ ಕಳುಹಿಸಲು ಅವನಿಗೆ ಮನಸ್ಸಾಗಲಿಲ್ಲ.

"ಯಾರಿಗಯ್ಯಾ ನಿನ್ನ ಮತ?" ಎಂದು ಶಾನುಭೋಗ ತಲೆಯೆತ್ತದೆ ಕೇಳಿದ.

ಬಳೆಗಾರನಿಗೆ ಮಾತು ಇನ್ನೂ ಹೊಳೆದಿರಲಿಲ್ಲ. "ಇರಪ್ಪ" ಎಂದ.

ಶಾನುಭೋಗ ಬರೆದುಕೊಂಡ.

"ಅಯ್ಯೋ, ಸ್ವಲ್ಪ ತಾಳು ಎಂದೆ ಮಾರಾಯ! ನನ್ನ ಮತ ಕೊಟ್ರಪ್ಪನಿಗೆ."

"ಊರೆಲ್ಲ ಅವನನ್ನು ಇರಪ್ಪ ಎಂದೇ ಕರೆಯುತ್ತದೆ. ಬೆಳಗಿನಿಂದ ಹಾಗೆ ಹೇಳಿದವರದ್ದನ್ನೆಲ್ಲ ಅವನಿಗೇ ಬರೆದಿದ್ದೇನೆ. ಆ ಹೆಸರಿಟ್ಟವನು ನೀನೇ ಅಲ್ಲವೇ? ಮುಂದೆ ನಡಿ."

ಜನ ಬಿದ್ದು ಬಿದ್ದು ನಕ್ಕರು. ಬಳೆಗಾರನ ಚೇಷ್ಟೆಗಳಲ್ಲೆಲ್ಲ ಇದೇ ಮೇಲು ಎಂದರು.

ಈರಪ್ಪ ಒಂದು ಮತದಿಂದ ಗೆದ್ದ.

ಮಳೆ ಹಿಡಿಯಿತು. ಬಳೆಗಾರ ಈರಪ್ಪನ ಮನೆಗೆ ಹೋಗಿ, "ಯಜಮಾನರೇ, ನಾಡಿದ್ದು ಮಗಳ ಸೀಮಂತ. ಹಳ್ಳಕ್ಕೆ ಎರಡು ಮರವನ್ನಾದರೂ ಅಡ್ಡ ಹಾಕಿಸಿ" ಎಂದು ಕೈ ಮುಗಿದ.

ಈರಪ್ಪ ಎಲೆಗೆ ಸುಣ್ಣ ಸವರುತ್ತ, "ಇರಪ್ಪ" ಎಂದ.

ಸೀಮಂತದ ದಿನ ಬಳೆಗಾರ ಹಸಿರು ಬಳೆಯ ಮಲಾರ ಹೊತ್ತು ಈಚೆ ದಡದಲ್ಲಿ ನಿಂತಿದ್ದ. ಸುತ್ತೇಳು ಊರಿನ ಬಸುರಿಯರಿಗೆ ಬಳೆ ತೊಡಿಸಿದ ಕೈ ಅಂದು ಸುಮ್ಮನಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಗಲು ಹೋಗಿ ಅರ್ಧಕ್ಕೆ ತಡೆದುಕೊಂಡ. "ಹಾಗಾದರೆ ದೋಷ ನಗುವಿನದೋ, ನಾಲಿಗೆಯದೋ?" ಎಂದು ಕೇಳಿದ.

ಗುರುಗಳು ಅವನ ಮುಖ ನೋಡಿ ಕೇಳಿದರು: "ನಿನ್ನ ಬೋರಯ್ಯ ನೀರು ತಂದಿದ್ದಾನೋ, ಇಲ್ಲವೋ?"

ಶಿಷ್ಯನಿಗೆ ಅದು ಗೊತ್ತಿರಲಿಲ್ಲ.