ಸೋಮವಾರದ ಪಂಕ್ತಿಯಲ್ಲಿ ಉಪ್ಪು ಕೇಳಿದ ಮಗು

ಪೂಜ್ಯ ರೇವಯ್ಯ ಅಜ್ಜನವರ ಮಠ ದೊಡ್ಡದೇನಲ್ಲ. ಹಳ್ಳದ ದಂಡೆಯ ಮೇಲೆ ಎರಡಂಕಣದ ಮಣ್ಣಿನ ಮನೆ. ಅಜ್ಜನವರು ಗದ್ದುಗೆಯ ಮೇಲೆ ಕುಳಿತದ್ದನ್ನು ಕಂಡವರು ಕಡಿಮೆ. ಒಲೆಯ ಮುಂದೆ ಕುಳಿತು, ಬಂದವರಿಗೆಲ್ಲ ತಾವೇ ಜೋಳದ ರೊಟ್ಟಿ ಬಡಿದು ಹಾಕುತ್ತಿದ್ದರು. ಸೋಮವಾರ ಮಾತ್ರ ಅಲ್ಲಿ ಬೇರೊಂದು ನೇಮ. ಸಂಜೆ ದೀಪ ಹಚ್ಚುವ ತನಕ ಯಾರೂ ಪಿಟ್ಟೆನ್ನುವಂತಿಲ್ಲ; ಊಟದ ಪಂಕ್ತಿಯಲ್ಲಿ ಏನು ಬೇಕಾದರೂ ಕೈಸನ್ನೆಯಲ್ಲೇ ಕೇಳಬೇಕು.

ಅಂಥ ಸೋಮವಾರವೇ ನೇಕಾರ ಮುರಿಗೆಪ್ಪ ಬರಬೇಕೇ! ಐದು ವರ್ಷದ ಮಗಳು ದಾನಮ್ಮನನ್ನು ರಟ್ಟೆ ಹಿಡಿದು ಕರೆತಂದಿದ್ದ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳದು, ಹಾಗಾಗಿ ಮಾತೂ ಬಂದಿರಲಿಲ್ಲ. ಬುದ್ಧಿಯೂ ಇಲ್ಲವೆಂದು ಊರು ಹೇಳಿತು, ಅಪ್ಪ ನಂಬಿಬಿಟ್ಟ. ಮಗುವನ್ನು ಮಠಕ್ಕೆ ಒಪ್ಪಿಸಿ ಕೈ ತೊಳೆದುಕೊಳ್ಳಬೇಕೆಂದೇ ಹೊರಟುಬಂದಿದ್ದ. ಮನೆಯಲ್ಲಿ ಹೆಂಡತಿ ಎರಡು ದಿನದಿಂದ ಊಟ ಬಿಟ್ಟು ಅಳುತ್ತಿದ್ದಳು.

"ಅಜ್ಜಾರ, ಇದಕ್ಕ ಕಿವಿ ಕೇಳೂದಿಲ್ರಿ, ತಿಳುವಳಿಕಿನೂ ಇಲ್ರಿ. ಕಸ ಹೊಡಕೊಂಡು ನಿಮ್ಮ ಪಾದದಾಗ ಬಿದ್ದಿರಲಿ," ಎಂದ.

ಅಜ್ಜನವರು ಹಿಟ್ಟಿನ ಬೆರಳನ್ನು ತುಟಿಗೆ ಹಚ್ಚಿ, ಪಂಕ್ತಿಯ ಕಡೆ ಕೈ ತೋರಿಸಿದರು. ಅಷ್ಟೇ. ಮುರಿಗೆಪ್ಪನಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದೂರ ನಡೆದು ಬಂದವನಿಗೆ ಒಂದು ಮಾತೂ ಇಲ್ಲವೇ, ಇವರೆಂಥ ಗುರುಗಳು! ಮನಸ್ಸಿನಲ್ಲೇ ಬೈದುಕೊಳ್ಳುತ್ತ ಗಂಡಸರ ಸಾಲಿನ ತುದಿಗೆ ಹೋಗಿ ಕುಳಿತ. ಮಗಳನ್ನು ಎದುರು ಸಾಲಿನಲ್ಲಿ ಹೆಂಗಸರ ನಡುವೆ ಕೂರಿಸಿದರು.

ದಾನಮ್ಮ ಕಣ್ಣರಳಿಸಿ ನೋಡತೊಡಗಿದಳು. ಒಬ್ಬರು ಅಂಗೈ ತಟ್ಟಿದರು, ರೊಟ್ಟಿ ಬಂತು. ಇನ್ನೊಬ್ಬರು ಬೊಗಸೆ ಹಿಡಿದರು, ಮಜ್ಜಿಗೆ ಬಂತು. ಬೆರಳು ಚಿವುಟಿ ತೋರಿಸಿದವರಿಗೆ ಉಪ್ಪು. ಮೂರು ನಾಲ್ಕು ಎಲೆಗಳ ತನಕ ಸುಮ್ಮನೆ ನೋಡಿದವಳು ಥಟ್ಟನೆ ತಾನೂ ಅಂಗೈ ತಟ್ಟಿದಳು. ಅಜ್ಜನವರು ತಾವೇ ಎದ್ದು ಬಂದು ಬಿಸಿ ರೊಟ್ಟಿ ಹಾಕಿದರು. ಅಬ್ಬಾ, ಆ ಮಗು ನಕ್ಕ ನಗು! ಅರ್ಧ ರೊಟ್ಟಿ ಮುಗಿಯುವಷ್ಟರಲ್ಲಿ ಬೊಗಸೆಯನ್ನೂ ಹಿಡಿದಳು. ಯಾರೂ ಕಲಿಸಿದ್ದಲ್ಲ.

ಆಮೇಲೆ ಅವಳು ಬೆರಳು ಚಿವುಟಿದಳು. ಅಜ್ಜನವರು ಉಪ್ಪು ತಂದರೆ ತಲೆಯಲ್ಲಾಡಿಸಿ ಬೇಡವೆಂದಳು. ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಏನನ್ನೋ ಸರಸರನೆ ಎಸೆದಂತೆ ಮಾಡಿ, ಮತ್ತೆ ಬೆರಳು ಚಿವುಟಿದಳು. ಪಕ್ಕದ ಹೆಂಗಸರಿಗೆ ತಿಳಿಯಲಿಲ್ಲ. ಅಜ್ಜನವರು ಮೆಲ್ಲನೆ ಮುರಿಗೆಪ್ಪನತ್ತ ತಿರುಗಿ ನೋಡಿದರು.

ಮುರಿಗೆಪ್ಪ ಎತ್ತಿದ ತುತ್ತನ್ನು ಎಲೆಗೆ ಇಳಿಸಿದ. ಅದು ಲಾಳಿ. ದಿನವಿಡೀ ತಾನು ಮಗ್ಗದಲ್ಲಿ ಎಸೆಯುವ ಲಾಳಿ! ತನ್ನೆಲೆಯನ್ನು ನೋಡಿಕೊಂಡ. ಬಡಿಸುವವರು ಮರೆತಿದ್ದರು, ಉಪ್ಪಿರಲಿಲ್ಲ. 'ಲಾಳಿಯವನಿಗೆ ಉಪ್ಪು ಹಾಕಿರಿ' ಎನ್ನುತ್ತಿದ್ದಾಳೆ ಮಗಳು. ಅಪ್ಪನಿಗೆ ಅವಳು ಎಂದೋ ಒಂದು ಹೆಸರಿಟ್ಟುಕೊಂಡಿದ್ದಳು. ಅವನು ಮಾತ್ರ ಅವಳನ್ನು ಒಂದು ದಿನವೂ ಅವಳಿಗೆ ತಿಳಿಯುವ ಹಾಗೆ ಕರೆದಿರಲಿಲ್ಲ. ನಾಚಿಕೆಯಿಂದ ಅವನ ಕಣ್ಣು ತುಂಬಿ ಬಂತು.

ಸಂಜೆ ದೀಪ ಹಚ್ಚಿದ ಮೇಲೆ ಅಜ್ಜನವರು ಬಾಯಿ ತೆರೆದರು.

"ನಾವು ವಾರಕ್ಕ ಒಂದು ದಿನ ಮೌನ ಹಿಡಿತೀವಿ, ತಮ್ಮಾ. ಮಗಳ ಕೂಡ ನೀ ಐದು ವರ್ಷ ಹಿಡದೀ. ಇನ್ನ ಸಾಕು ಮಾಡು."

ಮುರಿಗೆಪ್ಪ ಅವರ ಪಾದಕ್ಕೆ ಬಿದ್ದು ಬಿಕ್ಕಿಬಿಕ್ಕಿ ಅತ್ತ. ಎದ್ದವನೇ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಯ ದಾರಿ ಹಿಡಿದ.

ಅಂದಿನಿಂದ ಆ ಮನೆಯಲ್ಲಿ ನೂಲಿಗೊಂದು, ನೀರಿಗೊಂದು, ಅವ್ವನಿಗೊಂದು ಸನ್ನೆ ಹುಟ್ಟಿತು. ಓಣಿಯ ಮಕ್ಕಳೂ ಕಲಿತವು. ಎರಡು ವರ್ಷ ಕಳೆಯುವಷ್ಟರಲ್ಲಿ ಅಪ್ಪ ಬಣ್ಣದ ನೂಲು ತಪ್ಪಿಸಿದರೆ ದಾನಮ್ಮ ಕೈ ಹಿಡಿದು ನಿಲ್ಲಿಸಿ, ಯಾಕೆಂದು ಕೇಳುತ್ತಿದ್ದಳು.

"ಅಜ್ಜಾರು ನಿನ್ನ ಮಗಳಿಗೆ ಮಾತು ಕೊಟ್ರಂತಲ್ಲೋ?" ಎಂದು ಯಾರಾದರೂ ಕೇಳಿದರೆ ಮುರಿಗೆಪ್ಪ ಒಪ್ಪುತ್ತಿರಲಿಲ್ಲ.

"ಆಕಿಗಲ್ಲೋ ಮಾರಾಯಾ, ನನಗ ಕೊಟ್ರು," ಎಂದು ತನ್ನ ಗಲ್ಲದ ಮೇಲೆ ಬೆರಳೊತ್ತಿ ಮಗಳನ್ನು ಕರೆಯುತ್ತಿದ್ದ. ದಾನಮ್ಮ ನಕ್ಕರೆ ಗಲ್ಲದಲ್ಲಿ ಕುಳಿ ಬೀಳುತ್ತಿತ್ತು. ಅದೇ ಅವನು ಅವಳಿಗಿಟ್ಟ ಹೆಸರು.