ಘಟ್ಟದ ದಾರಿಯ ಏಳು ಕಲ್ಲು

"ಗುರುಗಳೇ, ಈ ಮಠಕ್ಕೆ ಬಂದು ಹನ್ನೆರಡು ವರ್ಷವಾಯಿತು. ಒಮ್ಮೆಯೂ ಎಡವಿಲ್ಲ. ಇದು ನನ್ನ ಸಾಧನೆಯೋ, ನಿಮ್ಮ ಕೃಪೆಯೋ?" ಎಂದು ಶಿಷ್ಯ ಕೇಳಿದ. ಎರಡನೆಯದನ್ನು ಮರ್ಯಾದೆಗೆ ಸೇರಿಸಿದ್ದ.

ಗುರುಗಳು ಒಂದು ಕತೆ ಹೇಳಿದರು. ಕತೆ ಆಫ್ರಿಕಾದ್ದು. ಗುರುಗಳು ಆಫ್ರಿಕಾ ನೋಡಿದವರಲ್ಲ, ಶಿಷ್ಯನೂ ನೋಡಿದವನಲ್ಲ. ಹಾಗಾಗಿ ಕತೆ ಸಲೀಸಾಗಿ ಸಾಗಿತು.

ಅಲ್ಲಿ ಒಂದು ಬೆಟ್ಟಸೀಮೆ. ಅದಕ್ಕೆ ಹತ್ತುವ ದಾರಿ ಒಂದೇ. ಬರೀ ಜಲ್ಲಿ ಮತ್ತು ಬಂಡೆಯ ಘಟ್ಟ. ಒಂದು ಬದಿಗೆ ಗೋಡೆಯಂಥ ಬೆಟ್ಟ, ಇನ್ನೊಂದು ಬದಿಗೆ ಏನೂ ಇಲ್ಲ. ಜೀಪಲ್ಲದೆ ಬೇರೆ ವಾಹನ ಹತ್ತುವುದಿಲ್ಲ. ಜೀಪೂ ಒಂದೇ ಉಸಿರಿಗೆ ಹತ್ತುವುದಿಲ್ಲ. ಕಡಿದಾದ ತಿರುವಿನಲ್ಲಿ ಚಕ್ರ ಸಡಿಲ ಜಲ್ಲಿಯ ಮೇಲೆ ಸುಮ್ಮನೆ ಸುತ್ತುತ್ತದೆ. ಬ್ರೇಕು ಒತ್ತಿದರೂ ಜೀಪು ಹಿಂದಕ್ಕೆ ಜಾರುತ್ತದೆ. ಆಗ ಜೊತೆಗಿದ್ದವರು ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಜೀಪು ಸಾಗಿದ ಮೇಲೆ ಆ ಕಲ್ಲನ್ನು ಬದಿಗೆ ಸರಿಸಿ, ಮುಂದಿನ ಸಮತಟ್ಟು ಜಾಗದವರೆಗೆ ನಡೆದು ಹೋಗಿ ಹತ್ತಿಕೊಳ್ಳಬೇಕು. ಏಕೆಂದರೆ ಮೇಲಿನಿಂದ ಇಳಿದು ಬರುವವರಿಗೆ ತಿರುವಿನಾಚೆಯ ಕಲ್ಲು ಕಾಣುವುದಿಲ್ಲ. ಚಕ್ರ ಅದರ ಮೇಲೆ ಏರಿದರೆ ಜೀಪು ಆ ಏನೂ ಇಲ್ಲದ ಬದಿಗೆ ವಾಲುತ್ತದೆ. ಇಟ್ಟವರೇ ತೆಗೆಯಬೇಕೆಂಬುದು ಘಟ್ಟದ ಕಟ್ಟಳೆ. ಎಲ್ಲೂ ಬರೆದು ಹಾಕಿರಲಿಲ್ಲ, ಆದ್ದರಿಂದ ಜನ ಪಾಲಿಸುತ್ತಿದ್ದರು.

ಕೆಳಗಿನ ಊರಿನಲ್ಲಿ ಒಬ್ಬ ಉಣ್ಣೆ ವ್ಯಾಪಾರಿಯಿದ್ದ. ಅವನ ತಾಯಿ ಮೇಲಿನ ಊರಿಗೆ, ಮಗಳ ಮನೆಗೆ ಹೋಗಿದ್ದಳು. ಒಂದು ಬೆಳಿಗ್ಗೆ, ಅವಳು ಹೊಟ್ಟೆನೋವಿನಿಂದ ಹೊರಳಾಡುತ್ತಿದ್ದಾಳೆಂದು ಸುದ್ದಿ ಬಂತು. ಕೆಳಗಿನ ಆಸ್ಪತ್ರೆಗೆ ವಾರಕ್ಕೊಮ್ಮೆ ಬರುವ ಶಸ್ತ್ರವೈದ್ಯ ಅಂದು ಬಂದಿದ್ದ. ಸಂಜೆ ಐದಕ್ಕೆ ಹೊರಟುಬಿಡುವವನು. ಅಷ್ಟರೊಳಗೆ ತಾಯಿಯನ್ನು ಕರೆತರದಿದ್ದರೆ ಅವಳು ಮುಂದಿನ ವಾರದವರೆಗೆ ಉಳಿಯುತ್ತಿರಲಿಲ್ಲ. ವ್ಯಾಪಾರಿ ಹೆಂಡತಿಯನ್ನು ಕೂರಿಸಿಕೊಂಡು ಘಟ್ಟ ಹತ್ತಿದ.

ಬುಡದಲ್ಲೇ ಒಬ್ಬ ಮುದುಕಿ ಎರಡು ಕತ್ತೆಗಳ ಮೇಲೆ ಜೋಳದ ಮೂಟೆ ಹೇರಿಕೊಂಡು ಹತ್ತುತ್ತಿದ್ದಳು. ವ್ಯಾಪಾರಿ ಹಾರ್ನ್ ಹೊಡೆದ. ಅವಳು ಕತ್ತೆಗಳನ್ನು ಬೆಟ್ಟಕ್ಕೆ ಒತ್ತಿ ನಿಂತಳು.

ಮೇಲೆ ಹೋಗುವಷ್ಟರಲ್ಲಿ ಜೀಪು ಏಳು ಕಡೆ ನಿಂತಿತು. ಮೊದಲ ಸಲ ಹೆಂಡತಿ ಇಳಿದು ಕಲ್ಲು ಕೊಟ್ಟು, "ನೀವು ಸಾಗಿ, ಇದನ್ನು ಸರಿಸಿ ನಡೆದು ಬರುತ್ತೇನೆ" ಎಂದಳು.

"ನಿನ್ನ ನಡಿಗೆ ನನಗೆ ಗೊತ್ತಿಲ್ಲವೇ? ನಮ್ಮ ಮದುವೆಗೇ ತಡವಾಗಿ ಬಂದವಳು ನೀನು. ಹತ್ತು."

ಉಳಿದ ಆರು ಸಲ ಅವಳು ಕಲ್ಲು ಕೊಟ್ಟು ಕೂಡಲೇ ಹತ್ತಿಕೊಂಡಳು. ಏಳು ಕಲ್ಲೂ ದಾರಿಯಲ್ಲೇ ಉಳಿದವು.

ತಾಯಿಯನ್ನು ಹಿಂದಿನ ಸೀಟಿನಲ್ಲಿ, ಸೊಸೆಯ ತೊಡೆಯ ಮೇಲೆ ತಲೆಯಿಡಿಸಿ ಮಲಗಿಸಿದರು. ಘಟ್ಟದ ತಲೆಗೆ ಬರುವಾಗ ಮಂಜು ಕವಿದಿತ್ತು. ಹತ್ತುವಾಗ ಮರೆತಿದ್ದ ಏಳೂ ಕಲ್ಲು ವ್ಯಾಪಾರಿಗೆ ಆಗ ನೆನಪಾದವು. ಮುಂದೆ ನಡೆದು ನೋಡಲು ಹೆಂಡತಿಯನ್ನು ಇಳಿಸುವಂತಿರಲಿಲ್ಲ.

ಮೊದಲ ತಿರುವಿನ ಮೊದಲೇ ಆ ಮುದುಕಿ ಮತ್ತೆ ಎದುರಾದಳು. ಅವನು ಮತ್ತೆ ಹಾರ್ನ್ ಹೊಡೆದ. ಅವಳು ಮತ್ತೆ ಒತ್ತಿ ನಿಂತು, ಕೆಳಗೆ ಕೈ ತೋರಿಸಿ ಏನೋ ಹೇಳಿದಳು. ಕಿಟಕಿಯ ಗಾಜು ಏರಿಸಿತ್ತು.

"ಬೈಯುತ್ತಿರಬೇಕು" ಎಂದ ವ್ಯಾಪಾರಿ.

ತಿರುವು ತಿರುವಿಗೂ ನಿಲ್ಲಿಸಿದ, ಕತ್ತು ಚಾಚಿ ನೋಡಿದ, ಇಂಚಿಂಚಾಗಿ ಇಳಿಸಿದ.

"ಯಾಕೋ ಹೀಗೆ ನಿಂತು ನಿಂತು ಹೋಗುತ್ತೀಯ?" ಎಂದು ತಾಯಿ ನರಳಿದಳು.

"ದಾರಿ ನೋಡುತ್ತಿದ್ದೇನಮ್ಮ."

"ಬೆಳಿಗ್ಗೆ ಇದೇ ದಾರಿಯಲ್ಲಿ ಬಂದೆಯಲ್ಲ. ಆಗ ನೋಡಲಿಲ್ಲವೇ?"

ಒಂದು ಕಲ್ಲೂ ಸಿಗಲಿಲ್ಲ. ಆಸ್ಪತ್ರೆ ತಲುಪಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಕೋಟು ಹಾಕಿಕೊಂಡಿದ್ದ ವೈದ್ಯ ಅದನ್ನು ಮತ್ತೆ ತೆಗೆದ. ತಾಯಿ ಬದುಕಿದಳು.

ಕಲ್ಲುಗಳನ್ನು ತೆಗೆದವಳು ಆ ಮುದುಕಿ. ಆರನ್ನು ಕಾಲಿನಿಂದ ನೂಕಿದಳು. ಏಳನೆಯದು ಚಕ್ರದ ಭಾರಕ್ಕೆ ಜಲ್ಲಿಯಲ್ಲಿ ಹೂತುಹೋಗಿತ್ತು. ಕತ್ತೆಯ ಮೂಟೆ ಇಳಿಸಿ, ಹಗ್ಗ ಕಟ್ಟಿ ಎಳೆಸಿ, ಮತ್ತೆ ಮೂಟೆ ಹೇರಿದಳು. ಅವಳು ಮೇಲೆ ತಲುಪಿದಾಗ ಹಿಟ್ಟಿನ ಗಿರಣಿ ಮುಚ್ಚಿತ್ತು. ದಾರಿಯಲ್ಲಿ ಅವಳು ಕೈ ತೋರಿಸಿ ಹೇಳಿದ್ದು, "ದಾರಿ ತೆರವಾಗಿದೆ, ಧೈರ್ಯವಾಗಿ ಹೋಗಿ" ಎಂದು.

ಮನೆಗೆ ಬಂದ ಮೇಲೆ ಹೆಂಡತಿ, "ಯಾರೋ ಸರಿಸಿದ್ದಾರೆ" ಎಂದಳು.

"ಇಳಿಜಾರಲ್ಲವೇ? ಕಲ್ಲು ತಾನೇ ಉರುಳುತ್ತದೆ" ಎಂದ ವ್ಯಾಪಾರಿ.

ಆಮೇಲೆ ಅವನು ಆ ದಿನದ ಕತೆಯನ್ನು ಊರಿನ ಚಹಾದಂಗಡಿಯಲ್ಲಿ ಹೇಳತೊಡಗಿದ. ವರ್ಷದಿಂದ ವರ್ಷಕ್ಕೆ ಮಂಜು ದಟ್ಟವಾಗುತ್ತ ಹೋಯಿತು. ಮಂಜಿನಲ್ಲಿ ಘಟ್ಟ ಇಳಿಸುವುದು ಹೇಗೆಂದು ಹೊಸ ಚಾಲಕರು ಅವನನ್ನೇ ಕೇಳಿ ಕಲಿಯುತ್ತಿದ್ದರು. ತಾನು ಒಮ್ಮೆಯೂ ಎಡವಿಲ್ಲವೆಂದು ಅವನು ಹೇಳುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ನಗು ಬಂತು.

"ಪಾಪ, ಅವನಿಗೆ ಯಾರೂ ನಿಜ ಹೇಳಲೇ ಇಲ್ಲವೇ?" ಎಂದ.

"ಈಗ ಹೇಳಿದೆನಲ್ಲ" ಎಂದರು ಗುರುಗಳು.